ನೀರು ತಿಂದ ಸೋಪು

ನನಗೆ ಸಿಟ್ಟು ಬೇಗ ಬರುತ್ತೆ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಸಲೀಸು, ಕೇಳುವವರಿಗೂ ಸಲೀಸು. ಬೀದಿಯವರು ನನಗಿಟ್ಟಿರುವ ಹೆಸರು ಬೆಂಕಿಪೊಟ್ಟಣ. ಎಲ್ಲರೂ ಬೆನ್ನ ಹಿಂದೆ ಕರೀತಾರೆ. ಎದುರಿಗೆ ಕರೆಯುವ ಧೈರ್ಯ ಇರೋದು ನಮ್ಮ ಯಜಮಾನರೊಬ್ಬರಿಗೇ, ಅವರೂ ಬಾಗಿಲ ಹತ್ತಿರ ನಿಂತುಕೊಂಡು, ಚಪ್ಪಲಿ ಹಾಕಿಕೊಂಡ ಮೇಲೇ ಕರೆಯೋದು.

ಕೆಳಗಿನ ಬೀದಿಯಲ್ಲಿ ನಮ್ಮದು ಲಾಂಡ್ರಿ. ಮುಂದೆ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜು, ಅದಕ್ಕೂ ಹಿಂದೆ ನೀರಿನ ಕೋಣೆ. ಅಲ್ಲಿ ಎರಡು ನಲ್ಲಿ, ಮೂರು ಸಿಮೆಂಟು ತೊಟ್ಟಿ, ಒಂದು ಮೆಷಿನ್ನು. ಹಾಸಿಗೆಯ ಬಟ್ಟೆ, ಟವೆಲ್ಲು ಎಲ್ಲ ಮೆಷಿನ್ನಿಗೆ. ಕಾಲರು, ತೋಳಿನ ತುದಿ, ಕಲೆ ಬಿದ್ದದ್ದು, ನಾಜೂಕಿನದ್ದು ಎಲ್ಲ ಕೈಯಲ್ಲೇ, ಬಾರ್ ಸೋಪಿನಲ್ಲೇ ಆಗಬೇಕು. ಮೊಳದುದ್ದದ ಹಳದಿ ಬಾರ್. ಅದನ್ನು ನಾನೇ ತಂತಿಯಲ್ಲಿ ಎಂಟು ತುಂಡು ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕ್ತಿದ್ದೆ. ಬೀಗದಕೈ ದಾರ ಕಟ್ಟಿಕೊಂಡು ನನ್ನ ಕೊರಳಲ್ಲಿ ಇರ್ತಿತ್ತು. ಒಂದು ಬಾರ್ ಒಂದು ವಾರ ಬರಬೇಕು, ಹದಿನಾಲ್ಕು ವರ್ಷದಿಂದ ಹಾಗೇ ಬಂದಿತ್ತು.

ಕೈ ಕೆಲಸ ಮಾಡ್ತಿದ್ದವಳು ನನ್ನ ಓರಗಿತ್ತಿ, ಅಂದ್ರೆ ನನ್ನ ಮೈದುನನ ಹೆಂಡತಿ. ಮೈದುನ ತೀರಿಕೊಂಡು ಆರು ವರ್ಷ ಆಯ್ತು. ಆಮೇಲೆ ಅವಳು ಮೇಲಿನ ಬೀದಿಯಲ್ಲಿ ತನ್ನ ಅಕ್ಕನ ಜೊತೆ ಇದ್ದಾಳೆ, ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಬರೋದು ತಪ್ಪಿಸಿದವಳಲ್ಲ. ಬಂದವಳೇ ಬಟ್ಟೆಯ ಕೈಚೀಲವನ್ನು ನೀರಿನ ಕೋಣೆಯ ಮೊಳೆಗೆ ನೇತುಹಾಕಿ ತೊಟ್ಟಿಗೆ ಇಳೀತಿದ್ದಳು. ನಾನು ಹತ್ತು ಮಾತಾಡಿದರೆ ಅವಳದು ಒಂದು, ಅದೂ ಅರ್ಧ ಗಂಟಲಲ್ಲಿ. ಯಜಮಾನರು ಅವಳಿಗೆ 'ತಣ್ಣೀರು' ಅಂತ ಹೆಸರಿಟ್ಟಿದ್ದರು. "ಬೆಂಕಿಪೊಟ್ಟಣದ ಪಕ್ಕ ತಣ್ಣೀರು ಇರಲೇಬೇಕು, ಇಲ್ಲದಿದ್ದರೆ ಅಂಗಡಿ ಉಳಿಯಲ್ಲ" ಅನ್ನೋರು. ನಾನೂ ನಗ್ತಿದ್ದೆ, ಅವಳೂ ನಗ್ತಿದ್ದಳು.

ಎಲ್ಲ ಶುರುವಾದದ್ದು ಒಂದು ಚೀಟಿಯಿಂದ. ನೀರಿನ ಮೀಟರ್ ನೋಡೋಕೆ ಬರುವವನು ಬಿಲ್ಲಿನ ಜೊತೆ ಒಂದು ಅಚ್ಚಾದ ಚೀಟಿ ಕೊಟ್ಟ. 'ಮಾನ್ಯ ಗ್ರಾಹಕರೇ, ಕೆಳಗಿನ ಬೀದಿಗೆ ಇನ್ನು ಮುಂದೆ ಹೊಸ ಕೊಳವೆಬಾವಿಯ ನೀರನ್ನು ಪೂರೈಸಲಾಗುವುದು. ಸದರಿ ನೀರು ಕುಡಿಯಲು ಯೋಗ್ಯವಾಗಿದ್ದು, ಗಡಸುತನವು ಹಿಂದಿಗಿಂತ ಅಧಿಕವಾಗಿರುತ್ತದೆ' ಅಂತಿತ್ತು.

"ಗಡಸು ಅಂದ್ರೆ ಏನಪ್ಪಾ?" ಅಂತ ಕೇಳಿದೆ.

ಅವನು ತಲೆ ಕೆರೆದುಕೊಂಡ. "ಗಟ್ಟಿ ಅಂತ ಇರಬೇಕಮ್ಮಾ" ಅಂದ.

ಗಟ್ಟಿ ಅಂದ್ರೆ ಕೆಟ್ಟದ್ದು ಅಂತ ಯಾರಿಗೆ ಹೊಳೆಯುತ್ತೆ ಹೇಳಿ? ಗಟ್ಟಿ ಹಾಲು ಅಂದ್ರೆ ಒಳ್ಳೆ ಹಾಲು. ಗಟ್ಟಿ ಜೀವ ಅಂದ್ರೆ ಅಷ್ಟು ಸುಲಭಕ್ಕೆ ಹೋಗದ ಜೀವ. ಯಾರಾದರೂ ನನ್ನನ್ನು ಗಟ್ಟಿಗಿತ್ತಿ ಅಂದರೆ ಆ ದಿನ ಅವರ ಅಂಗಿಗೆ ಇಸ್ತ್ರಿ ಬಿಟ್ಟಿ. ನಾನು ನೀರಿನ ಕೋಣೆಗೆ ಹೋಗಿ, "ಇನ್ಮೇಲೆ ನಮಗೆ ಗಟ್ಟಿ ನೀರಂತೆ ಕಣೇ" ಅಂತ ಜಂಬದಿಂದ ಹೇಳಿದೆ. ನಮ್ಮ ಇಸ್ತ್ರಿ ಮೇಜಿನ ಒಂದು ಕಾಲು ಮೊದಲಿಂದಲೂ ಗಿಡ್ಡ. ಚೀಟಿಯನ್ನು ನಾಲ್ಕಾಗಿ ಮಡಚಿ ಆ ಕಾಲಿನ ಕೆಳಗೆ ತುರುಕಿದೆ. ಮೇಜು ಅಲ್ಲಾಡೋದು ನಿಂತಿತು, ನಾನು ಚೀಟಿಯನ್ನು ಮರೆತೆ.

ಮುಂದಿನ ವಾರ ಸೋಪು ಐದೇ ದಿನಕ್ಕೆ ಮುಗೀತು. ಆಚೆ ವಾರ ನಾಲ್ಕಕ್ಕೆ. "ಏನೇ, ಸೋಪನ್ನ ಉಜ್ಜುತ್ತೀಯೋ ತಿಂತೀಯೋ?" ಅಂದೆ. ಮೊದಮೊದಲು ತಮಾಷೆಯಾಗೇ ಅಂದದ್ದು. ಬಾರ್ ಮೂರನೇ ದಿನಕ್ಕೆ ಖಾಲಿಯಾದಾಗ ತಮಾಷೆ ಹೋಯ್ತು. ಅವತ್ತು ಅವಳು ತೊಟ್ಟಿಯಿಂದ ತಲೆ ಎತ್ತಿ, "ಅಕ್ಕ, ಯಾಕೋ ನೀರೇ ಸರಿಯಿಲ್ಲ. ಎಷ್ಟು ಉಜ್ಜಿದರೂ ನೊರೆ ಬರ್ತಿಲ್ಲ" ಅಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ ನಾನು.

ಗಾದೆಗಳ ಕಷ್ಟ ಇದೇ ನೋಡಿ. ಸರಿಯಾದ ಜಾಗದಲ್ಲಿ ಬಿತ್ತು ಅಂತ ನಮಗೇ ಖುಷಿಯಾಗಿಬಿಡುತ್ತೆ, ನೆಲ ನಿಜವಾಗಲೂ ಡೊಂಕಿದೆಯಾ ಅಂತ ಬಗ್ಗಿ ನೋಡುವ ಗೋಜಿಗೇ ಹೋಗಲ್ಲ. ಅವಳು ಮತ್ತೆ ತಲೆ ತಗ್ಗಿಸಿದಳು. ಆ ಮಾತನ್ನು ಇನ್ನೊಮ್ಮೆ ಎತ್ತಲಿಲ್ಲ.

ಆಮೇಲೆ ಎರಡು ವಾರ ಪವಾಡ ನಡೆದ ಹಾಗೆ ಸೋಪು ಸರಿಯಾಗಿ ಏಳು ದಿನ ಬಂತು. ನಾನು ಯಜಮಾನರ ಹತ್ತಿರ ಮೀಸೆ ತಿರುವೋದೊಂದು ಬಾಕಿ. "ನೋಡಿದ್ರಾ? ನಾಲ್ಕು ಮಾತು ಜೋರಾಗಿ ಆಡಿದರೆ ಎಲ್ಲ ತಾನಾಗೇ ಸರಿಹೋಗುತ್ತೆ. ನೀವು ಸುಮ್ಮನೆ ತಲೆ ಮೇಲೆ ಕೂರಿಸಿಕೊಳ್ತೀರಿ."

ಯಜಮಾನರು ಬಟ್ಟೆಯ ಗಂಟು ಸೈಕಲ್ಲಿಗೆ ಕಟ್ಟಿಕೊಂಡು ಹೋದರು.

ಶನಿವಾರ ಬೆಳಿಗ್ಗೆ ನಮ್ಮಲ್ಲಿ ಜನ ಜಾಸ್ತಿ, ವಾರದ ಬಟ್ಟೆ ಒಯ್ಯೋಕೆ ಬರ್ತಾರೆ. ಅವತ್ತು ಬಾಗಿಲು ತೆಗೆಯೋದಕ್ಕೇ ಕಾದು ನಿಂತಿದ್ದವರು ಮೂವರು. ಪಕ್ಕದ ಟೈಲರಮ್ಮ, ವರ್ಷಪೂರ್ತಿ ಕೋಟು ಹಾಕೋದರಿಂದ ನಾವೆಲ್ಲ ಕೋಟು ಮೇಷ್ಟ್ರು ಅನ್ನುವ ಮೇಷ್ಟ್ರು, ಮತ್ತು ಆಸ್ಪತ್ರೆಯ ಹೆಡ್ ನರ್ಸು. ಹೆಡ್ ನರ್ಸು ತಮ್ಮ ಬಿಳಿ ಕೋಟನ್ನು ಕೌಂಟರಿನ ಮೇಲೆ ಹರಡಿ, "ಇದು ಬಿಳೀನಾ ನೀವೇ ಹೇಳಿ. ಬೂದಿ ಬಣ್ಣಕ್ಕೆ ತಿರುಗಿದೆ. ಹಾಸಿಗೆಯ ಬಟ್ಟೆಯಂತೂ ಮರಳು ಕಾಗದದ ಹಾಗೆ ಒರಟು. ಮಲಗಿದಲ್ಲೇ ಇರುವವರ ಮೈಗೆ ಇದನ್ನು ಹಾಸಬೇಕಾ?" ಅಂದರು.

ನನ್ನ ಕಿವಿ ಬಿಸಿಯಾಯ್ತು. ನೆಟ್ಟಗೆ ನೀರಿನ ಕೋಣೆಗೆ ನುಗ್ಗಿದೆ. ನುಗ್ಗಿದ ರಭಸಕ್ಕೆ ನನ್ನ ಭುಜ ತಾಗಿ ಮೊಳೆಯಲ್ಲಿದ್ದ ಅವಳ ಚೀಲ ಕೆಳಗೆ ಬಿತ್ತು. ಅದರೊಳಗಿಂದ ಹಳೇ ಪೇಪರಿನಲ್ಲಿ ಸುತ್ತಿದ ಏನೋ ಜಾರಿ ಹೊರಬಂತು. ಎತ್ತಿ ನೋಡಿದರೆ ಹಳದಿ ಬಾರ್ ಸೋಪು, ಅರ್ಧ.

ಮುಂದಿನದನ್ನು ಹೇಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳಲೇಬೇಕು. ಸೋಪನ್ನು ಒಂದು ಕೈಯಲ್ಲಿ, ಅವಳ ರಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೌಂಟರಿನ ತನಕ ಎಳೆದುಕೊಂಡು ಬಂದೆ. "ನೋಡ್ರಪ್ಪಾ ನೋಡ್ರಿ, ಬೇಲಿಯೇ ಎದ್ದು ಹೊಲ ಮೇಯ್ದಿದೆ! ಸೋಪೆಲ್ಲ ಇವಳ ಚೀಲ ಸೇರಿದರೆ ನಿಮ್ಮ ಬಟ್ಟೆ ಬೆಳ್ಳಗಾಗೋದು ಎಲ್ಲಿಂದ? ಕಳ್ಳಿ! ಮನೆಯೊಳಗೇ ಕಳ್ಳಿಯನ್ನಿಟ್ಟುಕೊಂಡು ನಾನು ಊರೆಲ್ಲ ಹುಡುಕ್ತಿದ್ದೆ!"

ಅವಳ ಮುಖ ಬಿಳಚಿಕೊಂಡಿತು. ಹೆಡ್ ನರ್ಸು ತನ್ನ ಕಡೆ ನೋಡಿದ್ದೇ ತಡ, ಅವಳು ಎರಡೂ ಕೈಯನ್ನು ಹೆಗಲ ಮೇಲಿದ್ದ ಟವೆಲ್ಲಿನ ಕೆಳಗೆ ಅಡಗಿಸಿಕೊಂಡಳು. ನನಗಷ್ಟೇ ಸಾಕಾಯ್ತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೋಡಿ, ಕೈ ಬಚ್ಚಿಡ್ತಾಳೆ!" ಅಂದೆ.

ಅವಳು ಆಡಿದ್ದು ಒಂದೇ ಮಾತು. ಕೌಂಟರಿನ ಮೇಲಿನ ಗೋಡೆ ಗಡಿಯಾರ ನೋಡಿ, "ಅಕ್ಕ, ಈಗ ಬೆಳಿಗ್ಗೆ ಎಂಟು ಗಂಟೆ" ಅಂದಳು.

"ಎಂಟಾದರೇನು, ಹತ್ತಾದರೇನು? ಕದಿಯೋಕೂ ಮುಹೂರ್ತ ಬೇಕಾ?"

ಟೈಲರಮ್ಮ ಕಿಸಕ್ಕನೆ ನಕ್ಕಳು. ಓರಗಿತ್ತಿ ಒಳಗೆ ಹೋಗಿ ಚೀಲ ತಗೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಸೋಪು ಕೌಂಟರಿನ ಮೇಲೇ ಇತ್ತು.

ಸೋಮವಾರದಿಂದ ತೊಟ್ಟಿಗೆ ನಾನೇ ಇಳಿದೆ. ಹೊಸಬರನ್ನು ಇಟ್ಟುಕೊಳ್ಳೋಣ ಅಂದರು ಯಜಮಾನರು. "ಯಾಕೆ, ನನ್ನ ಕೈಗೇನು ಲಕ್ವಾ ಹೊಡೆದಿದೆಯಾ?" ಅಂದೆ. ಸೋಪು ಹಚ್ಚಿ ಉಜ್ಜಿದೆ, ನೊರೆ ಬರಲಿಲ್ಲ. ಇನ್ನಷ್ಟು ಹಚ್ಚಿದೆ. ಹಾಲು ಒಡೆದ ಹಾಗೆ ಬಿಳಿ ಗಸಿ ತೇಲಿತು, ತೊಟ್ಟಿಯ ಅಂಚಿಗೆ ಜಿಡ್ಡಿನ ಗೆರೆ ಹಿಡೀತು. ಸಂಜೆ ಹೊತ್ತಿಗೆ ಮೂರು ತುಂಡು ಮುಗಿದಿತ್ತು. ಗುರುವಾರದೊಳಗೆ ನನ್ನ ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು ಉರಿಯೋಕೆ ಶುರುವಾಯ್ತು, ಉಪ್ಪು ಮುಟ್ಟಿದರೆ ಪ್ರಾಣ ಹೋದ ಹಾಗಾಗ್ತಿತ್ತು. ಸೋಪಿನ ಅಂಗಡಿಯವನ ಹತ್ತಿರ ಹೋಗಿ, ಕಲಬೆರಕೆ ಮಾಲು ಕೊಡ್ತೀಯಾ ಅಂತ ಬಾಯಿಗೆ ಬಂದ ಹಾಗೆ ಬೈದು ಬಂದೆ.

ಹೊಸ ಬಾರೂ ಮುಗಿದ ದಿನ ಯಜಮಾನರು ಖಾಲಿ ಕಪಾಟು ನೋಡಿದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಂಡರು. ಆಮೇಲೆ, "ಈಗ ಯಾರ ಚೀಲ ಹುಡುಕೋಣ ಹೇಳೇ?" ಅಂದರು.

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಅವಳು ಟವೆಲ್ಲಿನ ಕೆಳಗೆ ಬಚ್ಚಿಟ್ಟದ್ದು ಇಂಥದ್ದೇ ಕೈಗಳನ್ನು ಅಂತ ಆಗ ಹೊಳೆಯಿತು. ಕಾಯಿಲೆಯವರ ಬಟ್ಟೆ ಒಗೆಯುವವಳ ಕೈ ಹೀಗೆ ಒಡೆದಿದೆ ಅಂತ ಹೆಡ್ ನರ್ಸಿಗೆ ಕಂಡರೆ ಅಂಗಡಿಯ ಹೆಸರು ಕೆಡುತ್ತೆ ಅಂತ ಬಚ್ಚಿಟ್ಟಿದ್ದಳು. ಹಾಗಂತ ಹೊಳೆದರೂ ನಾನು ತಕ್ಷಣ ಒಪ್ಪಿಕೊಳ್ಳಲಿಲ್ಲ ಅನ್ನಿ. ಚೀಲದಲ್ಲಿ ಸೋಪು ಇದ್ದದ್ದು ಸುಳ್ಳಾ, ಕಣ್ಣಾರೆ ಕಂಡಿದ್ದೀನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡನೇ ವಾರ ನೀರಿನ ಇಲಾಖೆಯಿಂದ ಒಬ್ಬ ಹೆಂಗಸು ಬಂದರು. ನನ್ನ ವಯಸ್ಸಿನವರೇ. ಕೈಯಲ್ಲಿ ಹಾಲಿನವನು ಹೊರುವಂಥ ತಂತಿಯ ಬುಟ್ಟಿ, ಅದರ ತುಂಬ ಚೀಟಿ ಅಂಟಿಸಿದ ಬಾಟಲಿಗಳು. ಪ್ರತಿ ಬೀದಿಯಲ್ಲೂ ಎರಡು ಮೂರು ನಲ್ಲಿಯ ನೀರು ಪರೀಕ್ಷೆ ಮಾಡೋದು ಅವರ ಕೆಲಸವಂತೆ. ನಾನು ಅವರನ್ನು ಬಾಟಲಿ ಮೇಡಂ ಅಂತಲೇ ಕರೆದೆ, ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ನಮ್ಮ ನಲ್ಲಿಯ ನೀರನ್ನು ಪುಟ್ಟ ಬಾಟಲಿಗೆ ಹಿಡಿದು ಅದಕ್ಕೇನೋ ಪುಡಿ ಹಾಕಿದರು. ನೀರು ದ್ರಾಕ್ಷಿಯ ಬಣ್ಣಕ್ಕೆ ಬಂತು. ಆಮೇಲೆ ಇನ್ನೊಂದು ಔಷಧಿಯನ್ನು ಹನಿಹನಿಯಾಗಿ ಬಿಡುತ್ತ ಎಣಿಸಿದರು. ಎಷ್ಟೋ ಹೊತ್ತಿನ ಮೇಲೆ ನೀರು ನೀಲಿಯಾಯ್ತು. "ಅಬ್ಬಾ, ಇದು ಭಾರೀ ಗಡಸು" ಅಂದರು.

"ಗಡಸು ಅಂದ್ರೆ ಗಟ್ಟಿ ತಾನೇ? ಒಳ್ಳೇದಲ್ವೇನ್ರೀ?"

ಅವರು ನನ್ನ ಮುಖ ನೋಡಿದರು, ಆಮೇಲೆ ಹಿಂದಿನ ತೊಟ್ಟಿಗಳನ್ನು ನೋಡಿದರು. "ಲಾಂಡ್ರಿ ಇಟ್ಟುಕೊಂಡು ಹೀಗೆ ಕೇಳ್ತಿದ್ದೀರಲ್ಲ ತಾಯಿ! ಕುಡಿಯೋಕೆ ಏನೂ ತೊಂದರೆ ಇಲ್ಲ. ಒಗೆಯೋಕೆ ಮಾತ್ರ ಇದಕ್ಕಿಂತ ಶತ್ರು ಬೇಕಾ? ಒಂದು ತುಂಡು ಸೋಪು ಕೊಡಿ."

ಸೋಪನ್ನು ಹೆರೆದು ಸ್ವಲ್ಪ ನೀರಿನಲ್ಲಿ ಕರಗಿಸಿದರು. ಬುಟ್ಟಿಯಿಂದ ಮೇಲಿನ ಬೀದಿಯ ನೀರಿನ ಬಾಟಲಿ ತೆಗೆದರು. ಅಲ್ಲಿಗೆ ಇನ್ನೂ ಹಳೇ ಕೆರೆಯ ನೀರೇ ಬರೋದಂತೆ. ಸೋಪಿನ ನೀರು ಐದು ಹನಿ ಬಿಟ್ಟು ಕುಲುಕಿದರು. ಬಾಟಲಿಯ ಕುತ್ತಿಗೆ ತನಕ ನೊರೆ ನಿಂತಿತು. ಆಮೇಲೆ ನಮ್ಮ ನೀರು. ಐದು ಹನಿ, ಇಲ್ಲ. ಹತ್ತು, ಇಲ್ಲ. ಕುಲುಕಿದಾಗ ಒಂದಿಷ್ಟು ಗುಳ್ಳೆ ಎದ್ದು ತಕ್ಷಣ ಒಡೆದುಹೋಗ್ತಿತ್ತು, ಕೆಳಗೆ ಬಿಳಿ ಗಸಿ. ಇಪ್ಪತ್ತಾರನೇ ಹನಿಗೆ ನೊರೆ ನಿಂತಿತು.

"ಈ ಬಣ್ಣದ ಔಷಧಿ ಎಲ್ಲ ಆಮೇಲೆ ಬಂದದ್ದು. ಹಿಂದಿನವರು ಗಡಸು ಅಳೀತಿದ್ದದ್ದೇ ಸೋಪಿನಲ್ಲಿ" ಅಂದರು ಬಾಟಲಿ ಮೇಡಂ. "ನೀರಿನಲ್ಲಿ ಸುಣ್ಣದಂಥದ್ದು ಕರಗಿರುತ್ತೆ. ನೀವು ಹಾಕಿದ ಸೋಪನ್ನು ಮೊದಲು ಅದು ತಿಂದು ತೇಗಬೇಕು. ಅದರ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಬಟ್ಟೆಗೆ. ತೊಟ್ಟಿಗೆ ಮೊದಲು ವಾಷಿಂಗ್ ಸೋಡಾ ಹಾಕಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಸೋಪು ಹಾಕಿ, ಅರ್ಧ ತೊಂದರೆ ತಪ್ಪುತ್ತೆ. ಚೀಟಿ ಕಳಿಸಿದ್ದೆವಲ್ಲ, ಬರಲಿಲ್ವಾ?"

"ಅಂದ್ರೆ ಸೋಪು ಮೊದಲಿಗಿಂತ ಜಾಸ್ತಿ ಖರ್ಚಾದರೆ..."

"ಆಗಲೇಬೇಕು. ಆಗಲಿಲ್ಲ ಅಂದ್ರೇ ಆಶ್ಚರ್ಯ."

ಅವರು ಹೋದ ಮೇಲೆ ನಾನು ನೆಲಕ್ಕೆ ಕೂತು ಮೇಜಿನ ಕಾಲಿನ ಕೆಳಗಿಂದ ಚೀಟಿ ಎಳೆದೆ. ಮೇಜು ಕಟಕ್ಕನೆ ಒಂದು ಕಡೆ ವಾಲಿತು. 'ಗಡಸುತನವು ಹಿಂದಿಗಿಂತ ಅಧಿಕವಾಗಿರುತ್ತದೆ.' ನಾನೇ ಓದಿದ್ದೆ, ನಾನೇ ತುರುಕಿದ್ದೆ. ಆದರೆ ಒಂದು ಮಾತ್ರ ಬಗೆಹರಿಯಲಿಲ್ಲ. ಸೋಪು ಜಾಸ್ತಿ ಆಗಲೇಬೇಕು ಅನ್ನೋದಾದರೆ, ನಡುವೆ ಎರಡು ವಾರ ಸರಿಯಾಗಿ ಏಳು ದಿನ ಬಂತಲ್ಲ, ಅದು ಹೇಗೆ?

ಅವತ್ತೇ ಮಧ್ಯಾಹ್ನ ಮೇಲಿನ ಬೀದಿಗೆ ಹೋದೆ. ಬಾಗಿಲು ತೆಗೆದವಳು ಅವಳ ಅಕ್ಕ. ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸ, ಬಾಯಲ್ಲಿ ನಾನು ಸೇರು ಅಂದ್ರೆ ಅವಳು ಸವ್ವಾಸೇರು. "ಬನ್ನಿ ಬನ್ನಿ. ಪೊಲೀಸರು ಹಿಂದೆ ಬರ್ತಿದ್ದಾರಾ? ಮನೆ ತಲಾಶು ಮಾಡಿ. ಒಂದು ಚೂರು ಸೋಪು ಸಿಕ್ಕಿದರೆ ನೀವೇ ಇಟ್ಟುಕೊಳ್ಳಿ, ನಮ್ಮನೇಲಂತೂ ಸೋಪು ನಿಲ್ಲದೆ ತಿಂಗಳಾಯ್ತು."

"ನಿಮ್ಮನೇಲೂ ನಿಲ್ತಿಲ್ವಾ? ಇಲ್ಲಿ ಹಳೇ ನೀರಲ್ವಾ?"

"ನೀರಿಗೇನ್ರೀ ಬಂತು? ನನ್ನ ತಂಗಿ ನಮ್ಮ ಸೋಪನ್ನೆಲ್ಲ ನಿಮ್ಮ ಅಂಗಡಿಗೆ ಹೊತ್ತಳು. ಯಾಕೇ ಅಂದ್ರೆ, 'ಅಲ್ಲಿ ಬೇಗ ಮುಗಿಯುತ್ತೆ ಅಕ್ಕಾ, ಮುಗಿದರೆ ಅವರು ಬೈತಾರೆ' ಅನ್ನೋಳು. ಬೆಳಿಗ್ಗೆ ಹೋಗ್ತಾ ಪೇಪರಿನಲ್ಲಿ ಸುತ್ತಿಕೊಂಡು ಹೋಗೋಳು. ಮನೇಲಿ ನಾನು ಬರೀ ನೀರಿನಲ್ಲಿ ಬಟ್ಟೆ ಹಿಂಡಿದ್ದೀನಿ, ಗೊತ್ತಾ?"

ಬೆಳಿಗ್ಗೆ.

ಅಕ್ಕ, ಈಗ ಬೆಳಿಗ್ಗೆ ಎಂಟು ಗಂಟೆ. ಕದ್ದವಳು ಸಂಜೆ ಒಯ್ತಾಳೆ. ಆಗತಾನೇ ಬಂದವಳ ಚೀಲದಲ್ಲಿ ಬೆಳಿಗ್ಗೆ ಎಂಟಕ್ಕೆ ಸೋಪಿದ್ದರೆ ಅದು ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಸಣ್ಣ ಮಗುವಿಗೂ ತಿಳಿಯುತ್ತೆ. ಅವಳು ಅಷ್ಟು ಜನರ ಮುಂದೆ ನನ್ನ ಮರ್ಯಾದೆ ಉಳಿಸಿಯೇ ಉತ್ತರ ಕೊಟ್ಟಿದ್ದಳು. ನಾನು ಮುಹೂರ್ತದ ಜೋಕು ಹೊಡೆದಿದ್ದೆ. ಹೊಸ್ತಿಲ ಮೇಲೇ ಕುಸಿದು ಕೂತು ಹಣೆ ಚಚ್ಚಿಕೊಂಡೆ. ಅಳು ಬಂತು, ತಡೀಲಿಲ್ಲ.

ಓರಗಿತ್ತಿ ಒಳಗಿಂದ ಬಂದು ಒಂದು ಲೋಟ ನೀರು ಕೊಟ್ಟಳು. ಕುಡಿದೆ. "ತಪ್ಪಾಯ್ತು ಕಣೇ. ನೀರಿನದ್ದೇ ತಪ್ಪು, ನೀನು ಹೇಳಿದ್ದೇ ಸರಿ. ನಾಳೆಯಿಂದ ಬಾ" ಅಂದೆ.

"ನೀರಿನದ್ದು ತಪ್ಪು ಹೇಗಾಗುತ್ತೆ ಅಕ್ಕ?" ಅಂದಳು. ದನಿ ಎತ್ತರಿಸಲಿಲ್ಲ. "ಅದು ಇದ್ದ ಹಾಗಿದೆ. ನೀರು ಸರಿಯಿಲ್ಲ ಅಂತ ಒಂದು ಸಲ ಹೇಳಿದೆ, ಎರಡನೇ ಸಲ ಹೇಳೋಕೆ ಹೆದರಿಕೆಯಾಯ್ತು. ಸೋಪು ತಂದದ್ದು ನಿಮ್ಮ ಬಾಯಿಗೆ ಹೆದರಿ. ಅದೆಲ್ಲ ಹೋಗಲಿ. ಹದಿನಾಲ್ಕು ವರ್ಷ ಜೊತೆಗಿದ್ದೀನಿ, ಕಳ್ಳಿ ಅನ್ನೋಕೆ ನಿಮಗೆ ಒಂದು ಗಳಿಗೆ ಸಾಕಾಯ್ತಲ್ಲ."

ನಾನು ಖಾಲಿ ಲೋಟವನ್ನು ಹೊಸ್ತಿಲ ಮೇಲಿಟ್ಟೆ.

ಅವಳ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಆಸ್ಪತ್ರೆಯಲ್ಲೂ ಒಗೆಯುವ ಕೆಲಸ ಇತ್ತು. ಇವಳು ಕೇಳೋಕೆ ಹೋದರೆ ಹೆಡ್ ನರ್ಸು, 'ಚೀಲದಲ್ಲಿ ಸೋಪು ಸಿಕ್ಕಿತಲ್ಲ, ಅವಳಲ್ವಾ ನೀನು?' ಅಂದರಂತೆ. ಇಲ್ಲಿ ನಮ್ಮ ಹೊಸ್ತಿಲ ಮೇಲೆ ಅತ್ತರೆ ಆ ಮಾತು ಅಳಿಸಿಹೋಗುತ್ತಾ?"

"ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ ಅಕ್ಕ, ಅವರ ಮುಂದೆಯೇ. ಆಮೇಲೆ ನೋಡೋಣ" ಅಂದಳು ಓರಗಿತ್ತಿ.

ಶನಿವಾರದ ತನಕ ನನಗೆ ಊಟ ಸೇರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಾನೇ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೀನೋ. ನಾನು ನಡೆದದ್ದೆಲ್ಲ ಹೇಳಿದ ಮೇಲೆ ಯಜಮಾನರು ಮೇಲಿನ ಬೀದಿಯ ನಲ್ಲಿಯಿಂದ ಒಂದು ಕ್ಯಾನು ನೀರು ತಂದಿಟ್ಟರು. ಟೈಲರಮ್ಮ, ಕೋಟು ಮೇಷ್ಟ್ರು, ಹೆಡ್ ನರ್ಸು ಮೂವರಿಗೂ ತಾವೇ ಹೋಗಿ, ಎಂಟಕ್ಕೇ ಬರಬೇಕು ಅಂತ ಹೇಳಿ ಬಂದರು. ಓರಗಿತ್ತಿ ಬಂದು ಬಾಗಿಲ ಪಕ್ಕದಲ್ಲಿ, ಹೊರಗಿನವಳ ಹಾಗೆ ನಿಂತಳು.

ಕೌಂಟರಿನ ಮೇಲೆ ಎರಡು ಗಾಜಿನ ಬಾಟಲಿ ಇಟ್ಟೆ. "ಏನಮ್ಮಾ, ಮ್ಯಾಜಿಕ್ ತೋರಿಸ್ತೀರಾ?" ಅಂದಳು ಟೈಲರಮ್ಮ. ಬೇರೆ ದಿನವಾಗಿದ್ದರೆ ಅವಳಿಗೆ ಗ್ರಹಚಾರ ಬಿಡಿಸ್ತಿದ್ದೆ. ಒಂದಕ್ಕೆ ಮೇಲಿನ ಬೀದಿಯ ನೀರು, ಇನ್ನೊಂದಕ್ಕೆ ನಮ್ಮ ನಲ್ಲಿಯ ನೀರು ಹಾಕಿ, ಎರಡಕ್ಕೂ ಒಂದೇ ಅಳತೆಯ ಸೋಪಿನ ನೀರು ಬಿಟ್ಟು ಕುಲುಕಿದೆ. ರಭಸಕ್ಕೆ ಅರ್ಧ ಕೌಂಟರಿಗೇ ಚೆಲ್ಲಿತು. ಒಂದರಲ್ಲಿ ನೊರೆ ನಿಂತಿತು, ಇನ್ನೊಂದರಲ್ಲಿ ಬರೀ ಗಸಿ.

"ನಿಮ್ಮ ಕೋಟು ಬೂದಿಯಾದದ್ದು ಇದರಿಂದ. ಸೋಪು ತಿಂದ ಕಳ್ಳ ಇವನು, ನಲ್ಲಿಯಲ್ಲಿ ಬರ್ತಾನೆ. ಬರ್ತೀನಿ ಅಂತ ಚೀಟಿ ಕೂಡ ಕಳಿಸಿದ್ದ, ನಾನು ಓದಿ ಮೇಜಿನ ಕಾಲಿಗೆ ಇಟ್ಟಿದ್ದೆ" ಅಂದೆ. ಆಮೇಲೆ ಬಾಗಿಲ ಕಡೆ ಕೈ ತೋರಿಸಿದೆ. "ನನ್ನ ಓರಗಿತ್ತಿ ಕದಿಯಲಿಲ್ಲ. ಅವಳ ಚೀಲದಲ್ಲಿದ್ದ ಸೋಪು ಅವಳ ಮನೆಯದು. ನಾನು ಬೈತೀನಿ ಅಂತ ತನ್ನ ಮನೆ ಸೋಪು ತಂದು ನನ್ನ ಅಂಗಡಿಗೆ ಹಾಕ್ತಿದ್ದಳು. ಅವಳನ್ನು ನಿಮ್ಮೆದುರಿಗೆ ಕಳ್ಳಿ ಅಂದೆ. ತಪ್ಪು ನನ್ನದು. ನೀವು ಯಾರ ಹತ್ತಿರ ಆ ಕಥೆ ಹೇಳಿದ್ದೀರೋ ಅವರಿಗೆಲ್ಲ ಇದನ್ನೂ ಹೇಳಬೇಕು."

ಕೋಟು ಮೇಷ್ಟ್ರು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಟೈಲರಮ್ಮ ನೆಲ ನೋಡಿದಳು. ಹೆಡ್ ನರ್ಸು ನೆಟ್ಟಗೆ ಬಾಗಿಲ ಹತ್ತಿರ ಹೋಗಿ ಅವಳ ಎರಡೂ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. "ಕೇಳಿದ್ದನ್ನು ನಾನೂ ನಂಬಿಬಿಟ್ಟೆ. ನಮ್ಮಲ್ಲಿ ಆ ಕೆಲಸ ಇನ್ನೂ ಖಾಲಿ ಇದೆ. ಸೋಮವಾರ ಬರ್ತೀಯಾ?" ಅಂದರು.

ಅವಳು ನನ್ನ ಕಡೆ ನೋಡಿದಳು. ಹೋಗಬೇಡ ಅಂತ ನಾಲಿಗೆ ತುದಿಗೆ ಬಂದಿತ್ತು. ನನ್ನ ಜನ್ಮದಲ್ಲಿ ಮೊದಲ ಸಲ ನಾಲಿಗೆ ಕಚ್ಚಿಕೊಂಡೆ. "ಯೋಚನೆ ಮಾಡಿ ಹೇಳ್ತೀನಿ ಮೇಡಂ" ಅಂದು ಹೊರಟಳು.

ಸೋಮವಾರ ಏಳೂವರೆಯಿಂದಲೇ ನಾನು ಗಡಿಯಾರದ ಕೆಳಗೆ ನಿಂತಿದ್ದೆ. ಎಂಟಕ್ಕೆ ಸರಿಯಾಗಿ ಬಂದಳು. ಒಳಗೆ ಹೋಗಲಿಲ್ಲ. ಚೀಲವನ್ನು ಕೌಂಟರಿನ ಮೇಲಿಟ್ಟು ಬಾಯಿ ಅಗಲಿಸಿ, ಒಂದೊಂದಾಗಿ ತೆಗೆದಿಟ್ಟಳು. ಊಟದ ಡಬ್ಬಿ, ಬಾಚಣಿಗೆ, ಮಡಚಿದ ಕೊಡೆ, ಕೈಗೆ ಹಚ್ಚುವ ಮುಲಾಮು. "ನೋಡಿಕೊಳ್ಳಿ ಅಕ್ಕ" ಅಂದಳು.

"ಬೇಡ ಕಣೇ, ನಿನ್ನ ದಮ್ಮಯ್ಯ" ಅಂದೆ.

"ಇರಲಿ. ನನ್ನ ಸಮಾಧಾನಕ್ಕೆ."

ಎಲ್ಲವನ್ನೂ ಮತ್ತೆ ತುಂಬಿಕೊಂಡು ಒಳಗೆ ಹೋದಳು. ಸಂಜೆ ಹೊರಡುವಾಗಲೂ ಅದೇ. ಮಾರನೇ ದಿನವೂ ಅದೇ. ನಾನು ಕೊರಳಿನ ಬೀಗದಕೈ ಬಿಚ್ಚಿ ಅವಳ ಕೈಗೆ ಕೊಟ್ಟೆ, ಅವಳು ಅದನ್ನು ಗೋಡೆಯ ಮೊಳೆಗೆ ಹಾಕಿದಳು, ಇಬ್ಬರಿಗೂ ಸಿಗುವ ಜಾಗದಲ್ಲಿ. ಸೋಡಾ ಹಾಕೋದು ರೂಢಿಯಾಯ್ತು. ಬಟ್ಟೆ ತಕ್ಕಮಟ್ಟಿಗೆ ಬಿಳಿಯಾದವು. ಬಾರ್ ಐದು ದಿನ ಬರೋಕೆ ಶುರುವಾಯ್ತು, ಅದಕ್ಕಿಂತ ಹೆಚ್ಚು ಬರಲ್ಲ, ನಾನು ಕೇಳೋದೂ ಇಲ್ಲ. ಅವಳ ಕೈ ವಾಸಿಯಾಯ್ತು, ನನ್ನದೂ ವಾಸಿಯಾಯ್ತು. ಮಾತೂ ಆಡ್ತಿದ್ದಳು, ಯಜಮಾನರ ಜೋಕಿಗೆ ನಗ್ತಿದ್ದಳು. ಚೀಲ ಬಿಚ್ಚೋದು ಮಾತ್ರ ಬಿಡಲಿಲ್ಲ. ದಿನಕ್ಕೆರಡು ಸಲ ಆ ಡಬ್ಬಿ, ಆ ಬಾಚಣಿಗೆ, ಆ ಕೊಡೆ ನನ್ನ ಮುಂದೆ ಸಾಲಾಗಿ ಕೂರೋವು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ ಅಂತಾರಲ್ಲ, ನಾನು ಆ ಮೂಗನ್ನು ಐದು ತಿಂಗಳು ದಿನಾ ಎರಡು ಹೊತ್ತು ನೋಡಿದೆ. ಅವಳ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ಲ.

ನಿನ್ನೆ ಬೆಳಿಗ್ಗೆ ಏನಾಯ್ತು ಅಂದ್ರೆ, ನಾನು ತೊಟ್ಟಿಗೆ ನಲ್ಲಿ ಬಿಟ್ಟು ಕೌಂಟರಿನಲ್ಲಿ ಯಾರ ಜೊತೆಗೋ ಹರಟುತ್ತ ನಿಂತುಬಿಟ್ಟಿದ್ದೆ. ತೊಟ್ಟಿ ತುಂಬಿ, ನೆಲ ತುಂಬಿ, ಇಸ್ತ್ರಿ ಮಾಡಿ ಕೆಳಗಿಟ್ಟಿದ್ದ ಬಟ್ಟೆಯ ಗಂಟಿನ ತನಕ ನೀರು ಬಂದಿತ್ತು. ಅವಳು ಬಾಗಿಲಲ್ಲಿ ಕಾಲಿಡುತ್ತಲೇ ನೋಡಿದಳು. "ಅಯ್ಯಯ್ಯೋ! ಏನಕ್ಕ ಇದು, ನಲ್ಲಿ ಬಿಟ್ಟು ಮಾತಾಡ್ತಾ ನಿಂತಿದ್ದೀರಾ? ಕಣ್ಣೇನು ನೆತ್ತಿ ಮೇಲಿದೆಯಾ?" ಅಂತ ಕೂಗಿಕೊಂಡು ನನ್ನ ಪಕ್ಕದಿಂದಲೇ ಒಳಗೆ ಓಡಿದಳು. ನಲ್ಲಿ ತಿರುಗಿಸಿದ ಸದ್ದು ಬಂತು. "ಆ ಗಂಟು ಎತ್ತಿ ಮೊದಲು! ಸುಮ್ಮನೆ ನೋಡ್ತಾ ನಿಂತರೆ ನೀರು ತಾನಾಗೇ ಹೋಗುತ್ತಾ? ಎಷ್ಟು ಸಲ ಹೇಳೋದು ನಿಮಗೆ!"

ಹದಿನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಬೈದದ್ದು ಅದೇ ಮೊದಲು. ಕೌಂಟರಿನ ಗಿರಾಕಿ ಬೆಂಕಿಪೊಟ್ಟಣ ಈಗ ಹತ್ತಿಕೊಳ್ಳುತ್ತೆ ಅಂತ ಎರಡು ಹೆಜ್ಜೆ ಹಿಂದೆ ಸರಿದ. ನಾನು ಓಡಿಹೋಗಿ ಗಂಟು ಎತ್ತಿಕೊಂಡೆ. ಅವಳು ಪೊರಕೆ ಹಿಡಿದು ನೀರು ತಳ್ಳುತ್ತ ಬೈತಾನೇ ಇದ್ದಳು. ನಾನು ಒದ್ದೆ ಗಂಟನ್ನು ಎದೆಗೆ ಅವಚಿಕೊಂಡು, ಇನ್ನೂ ಸ್ವಲ್ಪ ಬೈಲಿ ಅಂತ ನಿಂತಿದ್ದೆ. ಅವಳ ಹಿಂದೆ ಮೊಳೆಯಲ್ಲಿ ಚೀಲ ನೇತಾಡ್ತಿತ್ತು. ಅದನ್ನು ಅವಳು ಬಿಚ್ಚಿರಲಿಲ್ಲ.